ಎರಡನೇ ಹೆಸರು

ಎರಡು ಸಾವಿರನೇ ಇಸವಿಯಲ್ಲಿ ಅಮೆರಿಕದ ಅಧ್ಯಕ್ಷಗಿರಿ ಫ್ಲೋರಿಡಾದ ಕೆಲವೇ ನೂರು ಮತಗಳ ಮೇಲೆ ತೂಗಾಡುತ್ತಿತ್ತು. ತೂತು ಚುಚ್ಚಿ ಮತ ಹಾಕುವ ಮತಪತ್ರ ಅರ್ಥವಾಗದೆ ಬೇರೆಯವನ ತೂತು ಚುಚ್ಚಿಬಿಟ್ಟೆವೆಂದು ಅಲ್ಲಿನ ಒಂದು ಊರಿನ ಮುದುಕರು ಟಿವಿಯಲ್ಲಿ ಅಳುತ್ತಿದ್ದರು. ಅದೇ ಊರಲ್ಲಿ ನೆಲೆಸಿದ್ದ ನಿವೃತ್ತ ಗಣಿತ ಪ್ರಾಧ್ಯಾಪಕ ಪದ್ಮನಾಭಯ್ಯನವರಿಗೆ ಅವರನ್ನು ಕಂಡು ಮೈ ಉರಿಯಿತು.

“ಹೆಬ್ಬೆಟ್ಟುಗಳು. ಇವರಿಂದ ನಮ್ಮ ಮನುಷ್ಯ ಸೋಲ್ತಾನೆ. ಒಂದು ತೂತು ಚುಚ್ಚೋಕೆ ಬರದವರಿಗೆ ಓಟು ಯಾಕೆ ಬೇಕು?”

ಹೆಂಡತಿ ಇಂದುಮತಿ ಆ ದನಿಯನ್ನು ಮೂವತ್ತು ವರ್ಷ ಕೇಳಿದ್ದವರು. ಪೇಪರಿನಲ್ಲಿ ಅಚ್ಚಾಗಿದ್ದ ಮತಪತ್ರದ ಚಿತ್ರ ನೋಡುತ್ತ ಮೆಲ್ಲಗೆ ಹೇಳಿದರು: “ಗೊಂದಲವಾಗಿಯೇ ಇದೆ. ಹೆಸರುಗಳು ಎರಡೂ ಕಡೆ ಇವೆ, ತೂತುಗಳು ಮಾತ್ರ ನಡುವೆ ಒಂದೇ ಸಾಲು.”

“ನಿನಗೂ ಗೊಂದಲವೇ? ನೀನು ಇಲ್ಲಿನ ಪೌರತ್ವ ತಗೊಳ್ಳದೆ ಇದ್ದದ್ದೇ ಒಳ್ಳೇದಾಯ್ತು. ನಾನು ಕನ್ನಡಕವನ್ನೂ ಹಾಕ್ಕೊಳ್ಳದೆ ಅರ್ಧ ನಿಮಿಷದಲ್ಲಿ ಮುಗಿಸಿ ಬಂದೆ.”

“ಹೇಗೆ?”

“ಹೇಗೆ ಅಂದ್ರೆ? ನಮ್ಮವನದು ಎಡಗಡೆ ಎರಡನೇ ಹೆಸರು. ಎರಡನೇ ತೂತು ಚುಚ್ಚಿದೆ. ಮಗ್ಗಿ ಬರೋ ಮಗೂನೂ ಚುಚ್ಚುತ್ತೆ.”

ಇಂದುಮತಿ ಚಿತ್ರದಲ್ಲಿ ಆ ಎರಡನೇ ಹೆಸರಿನ ಮೇಲೆ ಬೆರಳಿಟ್ಟು, ಅದರ ಮುಂದಿದ್ದ ಬಾಣದ ಗುರುತಿನ ಜೊತೆಗೇ ಬೆರಳನ್ನು ಸರಿಸಿದರು.

“ರೀ, ಈ ಬಾಣ ಮೂರನೇ ತೂತಿಗೆ ಹೋಗುತ್ತೆ.”