ಭುಜದ ಮೇಲೆ ಕೂತ ಕೋಟು

ಡಾಕ್ಟರು ಅಂಗಡಿಯೊಳಗೆ ಕಾಲಿಟ್ಟದ್ದೇ ತಡ, ವೇಷದಮ್ಮ ಹೊಲಿಯುತ್ತಿದ್ದ ಹುಲಿಯ ಬಾಲವನ್ನು ಕೆಳಗೆ ಹಾಕಿ ಎದ್ದು ನಿಂತರು. ದಿನಾ ಫೋನಿನಲ್ಲಿ ನೋಡುವ ಮುಖ. ಅದೇ ಚೂಪು ಮೂಗು, ಕಿವಿಯ ಮೇಲೆ ಅದೇ ನರೆಗೂದಲು. ನಾಟಕದವರಿಗೆ ವೇಷ ಬಾಡಿಗೆ ಕೊಡುವ ಈ ಕಿಷ್ಕಿಂಧೆಯಂಥ ಅಂಗಡಿಗೆ ಅಷ್ಟು ದೊಡ್ಡ ಮನುಷ್ಯರು ತಾವಾಗಿಯೇ ಬಂದಿದ್ದಾರೆ. ವೇಷದಮ್ಮ ತಾವು ಕೂತಿದ್ದ ಕುರ್ಚಿಯನ್ನೇ ಬಟ್ಟೆಯ ತುಂಡಿನಿಂದ ಒರೆಸಿ ಮುಂದಿಟ್ಟರು.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಸೊಸೆ ಏಳಲಿಲ್ಲ. ಈ ಮುಖ ಕಂಡರೆ ಅವಳ ಮೈ ಉರಿಯುತ್ತಿತ್ತು. ಹಿಂದಿನ ಬೀದಿಯ ಮಗುವೊಂದು ದಡಾರ ಬಂದು, ಉಸಿರಾಡಲು ಒದ್ದಾಡುತ್ತ ಆಸ್ಪತ್ರೆ ಸೇರಿತ್ತು. ತನ್ನ ಮಗುವಿಗೆ ದಡಾರದ ಲಸಿಕೆ ಹಾಕಿಸಬೇಕಾದ ವಾರ ಬಂದು ಹೋಗಿತ್ತು. ಲಸಿಕೆ ಹಾಕಿಸಿದ ಮಕ್ಕಳು ಮಂಕಾಗುತ್ತಾರೆ ಎಂದು ಈ ಡಾಕ್ಟರು ಫೋನಿನಲ್ಲಿ ಬೆರಳೆತ್ತಿ ಹೇಳಿದ್ದೇ ಹೇಳಿದ್ದು, ಅತ್ತೆ ಮೊಮ್ಮಗುವನ್ನು ಲಸಿಕೆ ಕೇಂದ್ರದ ದಿಕ್ಕಿಗೂ ಬಿಡಲಿಲ್ಲ.

ಸೊಸೆ ಕೇಂದ್ರದ ನರ್ಸ್ ಹೇಳಿದ್ದನ್ನೆಲ್ಲ ತಿಳಿಸಿ ನೋಡಿದ್ದಳು, ಅತ್ತೂ ನೋಡಿದ್ದಳು. ವೇಷದಮ್ಮ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. "ಆ ಕೋಟು ಭುಜದ ಮೇಲೆ ಹೇಗೆ ಕೂತಿದೆ ನೋಡೇ. ವೇಷ ಹಾಕ್ಕೊಂಡೋರಿಗೆ ಹಾಗೆ ಕೂರಲ್ಲ. ನಿಜ ಯಾವುದು, ವೇಷ ಯಾವುದು ಅಂತ ನೀನು ನನಗೆ ಹೇಳ್ಕೊಡ್ತೀಯಾ?" ಎಂದಿದ್ದರು. ಗಂಡನೆಂಬ ಮಹಾಶಯ ಅಮ್ಮನ ಮಾತಿಗೊಮ್ಮೆ, ಹೆಂಡತಿಯ ಮಾತಿಗೊಮ್ಮೆ ತಲೆಯಾಡಿಸಿ ಕೆಲಸಕ್ಕೆ ಹೊರಟುಹೋಗಿದ್ದ.

"ನಮ್ಮ ಮಗೂನ ನೀವೇ ಒಂದ್ಸಲ ನೋಡ್ಬಿಡಿ ಡಾಕ್ಟ್ರೇ," ಎಂದರು ವೇಷದಮ್ಮ.

ಬಂದವನು ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ನಕ್ಕು, ಚೀಲದಿಂದ ಬಿಳಿ ಕೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಡಾಕ್ಟ್ರೂ ಅಲ್ಲ, ಗೀಕ್ಟ್ರೂ ಅಲ್ಲಮ್ಮ. ನಾನು ನಾಟಕದವನು. ವಿಡಿಯೊ ಮಾಡೋರು ಇದನ್ನ ವಾಪಸ್ ಕೊಟ್ಟು ವಕೀಲರ ಕರಿ ಕೋಟು ತಗೊಂಡು ಬಾ ಅಂದಿದಾರೆ. ಇನ್ಮೇಲೆ ಆಸ್ತಿ ವಿಷಯ ಮಾತಾಡ್ಬೇಕಂತೆ."

ವೇಷದಮ್ಮ ಕೋಟನ್ನು ತಿರುವಿ ನೋಡಿದರು. ಯಾವುದೋ ಕಂಪನಿಯವರು ಬಂದು ತಿಂಗಳ ಬಾಡಿಗೆಗೆ ಒಯ್ದ ಕೋಟು. ಭುಜ ಜೋತುಬೀಳದಿರಲೆಂದು ಒಳಗೆ ಹತ್ತಿ ತುಂಬಿ ಹೊಲಿದ ಕೈ ಅವರದೇ. ಇಷ್ಟು ದಿನ ಅವರು ಹಾಡಿ ಹೊಗಳಿದ್ದು ತಮ್ಮ ಹೊಲಿಗೆಯನ್ನೇ. ಮುದುಕಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಈಗ ಸೊಸೆ ಎದ್ದಳು. ನಿಮಗೆ ಮಕ್ಕಳಿದ್ದಾರಾ ಎಂದು ಕೇಳಿದಳು. ಮಗಳೊಬ್ಬಳಿದ್ದಾಳೆ ಎಂದ.

"ಲಸಿಕೆ ಹಾಕ್ಸಿದೀರಾ?"

"ಹಾಕ್ಸದೆ ಇರ್ತೀನಾ? ಎಲ್ಲಾ ಹಾಕ್ಸಿದೀನಿ. ಬರೆದುಕೊಟ್ಟಿದ್ದನ್ನ ಓದೋನು ನಾನು ತಾಯಿ, ನಂಬೋನಲ್ಲ."

ವೇಷದಮ್ಮ ಅವನಿಗೆ ಕರಿ ಕೋಟು ಕೊಡಲಿಲ್ಲ. ನಮ್ಮಲ್ಲಿಲ್ಲ, ಮುಂದೆ ಹೋಗಪ್ಪ ಎಂದು ಸಾಗಹಾಕಿದರು. ಬಾಲವಿಲ್ಲದ ಹುಲಿಯನ್ನು ಹಾಗೇ ಬಿಟ್ಟು ಅಂಗಡಿಗೆ ಬೀಗ ಜಡಿದರು. "ನಡಿಯೇ. ಆಡ್ಕೊಳ್ಳೋದಿದ್ರೆ ಬಂದ್ಮೇಲೆ ಆಡ್ಕೊಳ್ಳುವಿಯಂತೆ," ಎಂದು ತಾವೇ ಮಗುವನ್ನೆತ್ತಿಕೊಂಡು ಮುಂದೆ ನಡೆದರು. ಸೊಸೆ ತುಟಿ ಕಚ್ಚಿ ನಗು ನುಂಗಿದಳು.

ಲಸಿಕೆ ಕೇಂದ್ರದ ಡಾಕ್ಟರು ಸೊಸೆಯ ವಯಸ್ಸಿನ ಹೆಣ್ಣುಮಗಳು. ಮಾಸಲು ಅಂಗಿ, ತೋಳಿನ ಮೇಲೆ ಶಾಯಿಯ ಕಲೆ. ವೇಷದಮ್ಮ ಒಂದಾದ ಮೇಲೊಂದು ಪ್ರಶ್ನೆ ಹಾಕಿದರು. ಮಗು ಮಂಕಾಗುತ್ತದಾ? ಇಲ್ಲ, ಲಕ್ಷಗಟ್ಟಲೆ ಮಕ್ಕಳನ್ನು ಗಮನಿಸಿ ನೋಡಿದ್ದಾರೆ, ಆ ಮಾತು ಸುಳ್ಳು ಎಂದರು ಡಾಕ್ಟರು. ಜ್ವರ ಬರುತ್ತದಾ? ಬರಬಹುದು, ಕೆಲವು ಮಕ್ಕಳಿಗೆ ಮೈಮೇಲೆ ಸಣ್ಣ ಗುಳ್ಳೆಯೂ ಏಳಬಹುದು ಎಂದರು. ಹಾಗಾದರೆ ಏನು ಮಾಡಬೇಕು, ಯಾವಾಗ ಓಡಿ ಬರಬೇಕು ಎಂಬುದನ್ನೂ ಬಿಡಿಸಿ ಹೇಳಿದರು. ಎಲ್ಲೂ ಬೆರಳೆತ್ತಲಿಲ್ಲ. ವೇಷದಮ್ಮ ಮೊಮ್ಮಗುವಿನ ತೋಳನ್ನು ತಾವೇ ಹಿಡಿದು ಕೊಟ್ಟರು. ಮಗು ಸೂರು ಹಾರಿಹೋಗುವಂತೆ ಅತ್ತು, ಅಮ್ಮನ ಹೆಗಲಿಗೆ ಬಂದದ್ದೇ ಸುಮ್ಮನಾಯಿತು.

ಮುದುಕಿಯ ಕಣ್ಣು ತಮ್ಮ ಅಂಗಿಯ ಮೇಲೆ ಬಿದ್ದದ್ದು ಡಾಕ್ಟರಿಗೆ ಆಗ ಗೊತ್ತಾಯಿತು. ಸಂಕೋಚದಿಂದ ಬಾಗಿಲ ಹಿಂದಿನ ಮೊಳೆ ತೋರಿಸಿದರು. ಅಲ್ಲಿ ಬಿಳಿ ಕೋಟೊಂದು ಭುಜ ಜೋತುಬಿದ್ದು ನೇತಾಡುತ್ತಿತ್ತು.

"ಮಕ್ಕಳು ಹೆದರ್ತವೆ ಅಂತ ತೆಗೆದಿಟ್ಟಿದೀನಮ್ಮ. ಹಾಕ್ಕೊಳ್ಲಾ?"

"ಅಲ್ಲೇ ಇರ್ಲಿ ಬಿಡಿ ಡಾಕ್ಟ್ರೇ," ಎಂದರು ವೇಷದಮ್ಮ. "ಕೋಟು ನಮ್ಮಂಗಡೀಲೂ ಸಿಗುತ್ತೆ."