ಅಣ್ಣನ ಹೆಬ್ಬೆರಳು

ತಂಗಿ ತೂಕದ ಹಲಗೆಯ ಮೇಲೆ ಹತ್ತುತ್ತಿದ್ದಂತೆ, ಹಿಂದೆ ನಿಂತಿದ್ದ ಅಣ್ಣ ಚಪ್ಪಲಿ ಕಳಚಿ, ಕಾಲಿನ ಹೆಬ್ಬೆರಳನ್ನು ಹಲಗೆಯ ಅಂಚಿನಡಿಗೆ ತೂರಿಸಿ ಉಸಿರು ಬಿಗಿಹಿಡಿದು ಮೇಲಕ್ಕೆತ್ತಿದ. ಹಳೆಯ ಸೈಕಲ್ಲು, ಮುರಿದ ಕೊಳಾಯಿ, ತುಕ್ಕು ಹಿಡಿದ ಗೇಟು ಮಾರಲು ಬಂದವರಿಗೆಲ್ಲ ಈ ಗುಜರಿ ಅಂಗಡಿ ಅಪ್ಪನ ಕಾಲದಿಂದ ಮಾಡುತ್ತ ಬಂದದ್ದು ಇದನ್ನೇ. ಕೊಳ್ಳುವ ಮಾಲು ಕಡಿಮೆ ತೂಗಬೇಕು. ಮನೆಯವರಿಗೆ ಹೀಗೆ ಮಾಡಿದ್ದು ಮಾತ್ರ ಇದೇ ಮೊದಲು. ಕೆಂಪು ಅಂಕಿಗಳು ಮೇಲಕ್ಕೋಡಿ, ತೊಂಬತ್ತೊಂಬತ್ತರಲ್ಲಿ ನಡುಗುತ್ತ ನಿಂತವು.

"ಕಣ್ಬಿಟ್ಟು ನೋಡು. ನೂರರ ಕೆಳಗೆ ಬಂದೆ," ಎಂದ ಅಣ್ಣ. "ಇನ್ನಾದ್ರೂ ಆ ಹಾಲು ಕುಡಿ."

ಆಸ್ಪತ್ರೆಯವರು ಕೊಟ್ಟ ಪ್ರೋಟೀನ್ ಪುಡಿ ಕಲಸಿದ ಹಾಲು ಮೇಜಿನ ಮೇಲೆ ಕೆನೆಗಟ್ಟಿತ್ತು. ಮೂರು ತಿಂಗಳ ಹಿಂದೆ, ಮೈತೂಕ ಇಳಿಸಲೆಂದು, ಒಬ್ಬರೇ ಡಾಕ್ಟರು ಒಂದೇ ವಾರದಲ್ಲಿ ಇಬ್ಬರ ಜಠರವನ್ನೂ ಕತ್ತರಿಸಿ ಒಂದೊಂದು ಬಾಳೆಕಾಯಿಯಷ್ಟು ಉಳಿಸಿದ್ದರು. ಅಂದಿನಿಂದ ಇಬ್ಬರಿಗೂ ಅದೇ ಬಟ್ಟಲು, ಅದೇ ಚಮಚ. ಆದರೆ ಅಣ್ಣ ತೂಬು ತೆಗೆದ ತೊಟ್ಟಿಯಂತೆ ಇಳಿದ. ತಂಗಿ ಸೋರುವ ನಲ್ಲಿಯಂತೆ ತೊಟ್ಟುತೊಟ್ಟಾಗಿ. ಗಂಡಸರಲ್ಲಿ ಮಾಂಸಖಂಡ ಜಾಸ್ತಿ, ಮೊದಮೊದಲು ಅವರು ಬೇಗ ಇಳಿಯುವುದುಂಟು, ಹೋಲಿಸಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಇಡೀ ದಿನ ಒಂದೇ ಗಲ್ಲಾದ ಹಿಂದೆ ಮೈಗೆ ಮೈ ತಾಗಿಸಿ ಕೂರುವವರಿಗೆ ಈ ಮಾತು! ಮೊನ್ನೆ ಕಬ್ಬಿಣ ಒಯ್ಯಲು ಬಂದ ಲಾರಿ ಡ್ರೈವರ್, "ಯಜಮಾನ್ರೇ, ಪ್ಯಾಂಟು ಹಿಡ್ಕೊಳ್ಳಿ, ಬೀಳುತ್ತೆ," ಎಂದು ನಕ್ಕು, ತಂಗಿಯತ್ತ ತಿರುಗಿ ಪ್ರೀತಿಯಿಂದಲೇ ಕೇಳಿದ್ದ: "ಅಕ್ಕಾ, ನಿಮ್ದು ಆಪರೇಷನ್ ಯಾವಾಗ?" ಆಮೇಲೆ ಅವಳ ಬಾಯಿಗೆ ನೀರು ಬಿಟ್ಟು ಬೇರೇನೂ ಹೋಗಿರಲಿಲ್ಲ. ನಿನ್ನೆ ತಗಡಿನ ರಾಶಿಯ ಪಕ್ಕ ಕಣ್ಣು ಕತ್ತಲಿಟ್ಟು ಬಿದ್ದಳು. ಹರಿದ ತಗಡಿನ ಅಂಚು ಅವಳ ಕುತ್ತಿಗೆಯಿಂದ ಒಂದು ಗೇಣು ದೂರದಲ್ಲಿತ್ತು.

"ತೊಂಬತ್ತೊಂಬತ್ತು," ಎಂದಳು ತಂಗಿ, ಗಟ್ಟಿಯಾಗಿ ಹೇಳಿದರೆ ಅಂಕಿ ಹಾರಿಹೋದೀತು ಎಂಬಂತೆ. ಕಂಬ ಹಿಡಿದುಕೊಂಡು ಕೆಳಗಿಳಿದಳು. ಅಣ್ಣ ಚಾಚಿದ ಲೋಟವನ್ನು ತೆಗೆದುಕೊಂಡಳು, ಮೂಸಿದಳು, ಮತ್ತೆ ಮೇಜಿನ ಮೇಲಿಟ್ಟು ತಟ್ಟೆ ಮುಚ್ಚಿದಳು.

"ಮೊನ್ನೆ ನೂರ ನಾಲ್ಕಿತ್ತು. ಎರಡೇ ದಿನಕ್ಕೆ ಐದು ಕಿಲೋ, ಅಣ್ಣಾ! ನಾನು ಅಂದ್ಕೊಂಡಿದ್ದೇ ಸರಿ. ಈ ಹಾಳು ಹಾಲೇ ನನ್ನ ಹಿಡ್ಕೊಂಡಿತ್ತು. ಇನ್ನೊಂದು ವಾರ ಹೀಗೇ ಇದ್ಬಿಟ್ರೆ ನಿನ್ನನ್ನೂ ಹಿಂದೆ ಹಾಕ್ತೀನಿ ನೋಡು."

ಅಣ್ಣ ತಟ್ಟೆ ತೆಗೆದು ಲೋಟವನ್ನು ಮತ್ತೆ ಅವಳತ್ತ ಸರಿಸಿದ. "ಒಂದು ವಾರಾನಾ? ತಲೆ ಕೆಟ್ಟಿದೆಯೇನೆ? ಕೂದಲು ನೋಡ್ಕೊಂಡಿದೀಯಾ? ಬಾಚಣಿಗೆ ತುಂಬ ಬರ್ತಿದೆ."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತಾರೆ. ನಂಗೆ ಹಿಟ್ಟೂ ಬೇಡ, ಜುಟ್ಟೂ ಬೇಡ." ಅವಳು ನಕ್ಕಳು. ನಗುವಿಗೇ ತಲೆ ಸುತ್ತಿ, ಹಳೆಯ ಪೇಪರಿನ ಕಟ್ಟಿನ ಮೇಲೆ ಕುಸಿದು ಕೂತಳು. ತುಟಿಗಳು ಸುಣ್ಣದ ಗೋಡೆಯಂತಿದ್ದವು. ಕಣ್ಣುಗಳಲ್ಲಿ ಮಾತ್ರ ಮೂರು ತಿಂಗಳಲ್ಲಿ ಕಾಣದ ಹೊಳಪು. ಆ ಹೊಳಪು ನೋಡಿಯೇ ಅಣ್ಣ ಅವಳ ಹತ್ತಿರ ಬಂದ.

"ಆ ತೂಕ ಸುಳ್ಳು ಕಣೇ," ಎಂದ. "ನಾನೇ ಕಾಲು ಕೊಟ್ಟೆ."

"ಏನು?"

"ಹಲಗೆ ಕೆಳಗೆ. ಮಾಲು ತಂದವರಿಗೆ ಮಾಡ್ತೀವಲ್ಲ, ಹಾಗೆ. ನೂರರ ಕೆಳಗೆ ನೋಡಿದ್ರೆ ಏನಾದ್ರೂ ಕುಡೀತೀಯ ಅಂತ."

ಅವಳು ಅವನನ್ನೇ ದಿಟ್ಟಿಸಿದಳು. "ಕುಡಿಸೋಕೆ ನೀನು ಏನು ಬೇಕಾದ್ರೂ ಹೇಳ್ತೀಯ. ಇಷ್ಟು ದಿನ ನೀನೊಬ್ಬನೇ ಹೀರೋ ಆಗಿದ್ದೆ. ನಾನೂ ಇಳಿದ್ರೆ ಹೊಟ್ಟೆಕಿಚ್ಚು."

"ಅಮ್ಮನಾಣೆಗೂ ಸುಳ್ಳಲ್ಲ."

"ದಿನಾ ಹಿತ್ತಾಳೆ ತೂಗೋವಾಗ್ಲೂ ಅಮ್ಮನಾಣೆನೇ ಅಲ್ವಾ ಇಡೋದು?"

ಹೊರಗೆ ಲಾರಿಯ ಹಾರನ್ನು ಎರಡು ಸಲ ಕೂಗಿತು. ಅಣ್ಣ ಅದಕ್ಕೆ ಕಿವಿಗೊಡಲಿಲ್ಲ. "ಮತ್ತೆ ಹತ್ತು. ನಾನು ಅಲ್ಲಿ ಹೋಗಿ ನಿಲ್ತೀನಿ. ನೀನೇ ನೋಡ್ಕೋ," ಎಂದು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಸವೆದ ಟೈರುಗಳನ್ನು ದಾಟಿ, ಆ ಕಡೆಯ ಗೋಡೆಗೆ ಬೆನ್ನು ತಾಗಿಸಿ ನಿಂತ. ಬರಿಗಾಲುಗಳನ್ನು ಅವಳಿಗೆ ಕಾಣುವಂತೆ ಕಿಟಕಿಯ ಬೆಳಕಿನಲ್ಲಿ ಜೋಡಿಸಿಟ್ಟ. ಎರಡೂ ಕೈಗಳನ್ನು, ಪೊಲೀಸರ ಮುಂದೆ ನಿಂತವನಂತೆ, ಮೇಲೆತ್ತಿದ.

ಅವಳು ಬೇಸರದಿಂದಲೇ ಎದ್ದು ಹಲಗೆ ಹತ್ತಿದಳು. ಅಂಕಿಗಳು ಓಡಿದವು. ತೊಂಬತ್ತೊಂಬತ್ತರ ಬಳಿ ತಡೆಯಲಿಲ್ಲ, ನೂರರ ಬಳಿಯೂ ತಡೆಯಲಿಲ್ಲ. ನೂರ ಮೂರಕ್ಕೆ ಹೋಗಿ ಕಲ್ಲಿನಂತೆ ನಿಂತವು.

ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಕತ್ತು ತಿರುಗಿಸಿ ಹಲಗೆಯ ನಾಲ್ಕೂ ಅಂಚು ನೋಡಿದಳು. ಸುತ್ತ ಯಾರೂ ಇರಲಿಲ್ಲ. ಕೊನೆಗೆ, ಅಷ್ಟು ದೂರದಲ್ಲಿ ಕೈಯೆತ್ತಿ ನಿಂತ ಅಣ್ಣನತ್ತ ತಲೆಯೆತ್ತಿದಳು.

"ಈಗ ಎಲ್ಲಿ ಒತ್ತಿ ಹಿಡಿದಿದೀಯ, ಅಣ್ಣಾ?"