ಚೈತನ್ಯಳ ವಿಳಾಸ

"ಲ್ಯಾಪ್‌ಟಾಪ್ ತೆಗಿ," ಅಂದ ಮೋಹನ್‌ಬಾಬು.

ಶೋಭಾರಾಣಿ ಅಲುಗಲಿಲ್ಲ. ಅವನೇ ಅದನ್ನು ಬ್ಯಾಗಿನಿಂದ ಎಳೆದು ಮೇಜಿನ ಮೇಲಿಟ್ಟ. ಹೆಂಡತಿಯ ಭುಜ ಅದುಮಿ ಕುರ್ಚಿಯಲ್ಲಿ ಕೂರಿಸಿದ. ಬಾಗಿಲಿಗೆ ಅಡ್ಡವಾಗಿ ಮಾವ ಆವಲಪ್ಪ ನಿಂತಿದ್ದರು. ಜೀಪಿನ ಸೀಟಿನಡಿ ಮಚ್ಚು ಸೇರಿದ್ದನ್ನು ಅವಳು ಬೆಳಿಗ್ಗೆಯೇ ಕಂಡಿದ್ದಳು.

ಮೋಹನ್‌ಬಾಬುವಿನ ತಂಗಿ ಚೈತನ್ಯಳಿಗೆ ಶುಕ್ರವಾರ ಮದುವೆ. ಬೇಡವೆಂದು ಅತ್ತಿದ್ದಳು, ಊಟ ಬಿಟ್ಟಿದ್ದಳು, ಅಣ್ಣನ ಬೆಲ್ಟಿನ ಏಟು ತಿಂದಿದ್ದಳು. ಮಂಗಳವಾರ ಕಾಲೇಜಿಗೆಂದು ಹೊರಟವಳು ಸಂಜೆಗೆ ತಿರುಗಿ ಬರಲಿಲ್ಲ. ಅವತ್ತಿನಿಂದ ಮೋಹನ್‌ಬಾಬುವಿನ ಗೆಳೆಯ ಕೆಂಪರಾಜು ಮತ್ತವನ ಹುಡುಗರು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ, ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಸಿಕ್ಕಾಗ ಒಪ್ಪಿದರೆ ಮದುವೆ, ಒಲ್ಲೆನೆಂದರೆ ಹೆಣ. ಆವಲಪ್ಪ ಎಲ್ಲರೆದುರೇ ಹೇಳಿದ್ದ ಮಾತು.

ಮರುದಿನ, ಹುಡುಗಿ ಬಿಟ್ಟುಹೋದ ಫೋನಿನಲ್ಲಿ ಚಿಕ್ಕಬಳ್ಳಾಪುರದ ಒಂದು ಟ್ರಸ್ಟಿನ ನಂಬರು ಸಿಕ್ಕಿತ್ತು. ಮನೆಯಲ್ಲಿ ಜೀವಕ್ಕೆ ಭಯವಿರುವ ಹೆಂಗಸರನ್ನು ಗುಟ್ಟಾಗಿ ಬೇರೆ ಊರುಗಳಲ್ಲಿ ಇರಿಸುವ ಟ್ರಸ್ಟು ಅದು. ಯಾರು ಎಲ್ಲಿದ್ದಾರೆಂಬ ವಿವರವೆಲ್ಲ ಕ್ಲೌಡಿನ ಡೇಟಾಬೇಸಿನಲ್ಲಿ. ಅದನ್ನು ಕಟ್ಟಿ, ಬೀಗ ಹಾಕಿ ಕಾಯುವ ಕೆಲಸ ಶೋಭಾರಾಣಿಯದು.

"ನಂಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ರೀ. ಅಲ್ಲಿರೋ ಹೆಸರುಗಳನ್ನ ನಾನು ಓದಲ್ಲ."

"ಇವತ್ತು ಓದು."

ಅಡುಗೆಮನೆ ಬಾಗಿಲಲ್ಲಿ ಅತ್ತೆ ಅಮ್ಮಾಜಮ್ಮ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದರು. "ತೆಗೆದು ತೋರಿಸಿಬಿಡೇ ತಾಯಿ. ಹುಡುಗಿ ಒಂದು ದಾರಿ ಸೇರ್ಲಿ."

ಶೋಭಾರಾಣಿ ಕಣ್ಣೊರೆಸಿಕೊಂಡು ಕೀಲಿಗಳ ಮೇಲೆ ಬೆರಳಿಟ್ಟಳು. ಪರದೆ ಬಹಳ ಹೊತ್ತು ಯೋಚಿಸಿತು. ಕೊನೆಗೆ ಕೆಂಪು ಅಕ್ಷರ: ಸಂಪರ್ಕ ಸಾಧ್ಯವಾಗಲಿಲ್ಲ.

ಮೋಹನ್‌ಬಾಬು ಕೈ ಎತ್ತಿದ. "ಆಟ ಆಡ್ತೀಯಾ?"

"ಇಲ್ಲಪ್ಪ! ಈ ಮನೆ ನೆಟ್ಟಿಗೆ ಅನುಮತಿ ಇಲ್ಲ. ಗುರುತಿರೋ ಜಾಗದಿಂದ ಬಂದ್ರೆ ಮಾತ್ರ ಸರ್ವರ್ ಬಾಗಿಲು ತೆಗೆಯೋದು."

ಅವನಿಗೆ ಸಿಸಿಟಿವಿ ಅಂಗಡಿ. ಅಷ್ಟಿಷ್ಟು ಬಲ್ಲ. "ಹಾಗಾದ್ರೆ ನಮ್ಮ ನೆಟ್ಟಿನ ಐಪಿ ವಿಳಾಸ ಸೇರಿಸು."

ಸೇರಿಸಿದಳು. ದೃಢಪಡಿಸುವ ಸಂಖ್ಯೆ ಅವಳ ಫೋನಿಗೆ ಬಂತು. ಫೋನು ಅವನ ಕೈಯಲ್ಲಿತ್ತು. ಒಂದೊಂದೇ ಅಂಕೆ ಓದಿ ಹೇಳಿದ. ಈ ಸಲ ಸರ್ವರು ಉತ್ತರ ಕೊಟ್ಟಿತು, ಆದರೆ ಒಳಗೆ ಹೋಗಲಾಗಲಿಲ್ಲ. ಲ್ಯಾಪ್‌ಟಾಪು ಸರ್ವರಿನ ಗುರುತಿನ ಸರ್ಟಿಫಿಕೇಟ್ ಕೇಳಿತು.

"ಅದೇನು ಮತ್ತೆ?"

"ಆ ಕಡೆ ಇರೋದು ಅಸಲಿ ಸರ್ವರೇ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಅದಿಲ್ದೆ ಹೋದ್ರೆ ಯಾರು ಬೇಕಾದ್ರೂ ಸುಳ್ಳು ಉತ್ತರ ಕೊಟ್ಟು ನಮ್ಮನ್ನ ನಂಬಿಸಿಬಿಡಬಹುದು."

"ಹಾಕು ಅದನ್ನೂ. ನಂಗೆ ಅಸಲಿನೇ ಬೇಕು."

ಪಾಸ್‌ವರ್ಡು ಎರಡು ಸಲ ತಪ್ಪಿತು. ತಾನೇ ಹಾಕಿದ ಬೀಗಗಳನ್ನು, ಇಂಥವರಿಗೆಂದೇ ಹಾಕಿದ ಬೀಗಗಳನ್ನು, ತಾನೇ ಒಂದೊಂದಾಗಿ ತೆಗೆಯುತ್ತಿದ್ದಳು. ಕಿವಿಯ ಹತ್ತಿರ ಗಂಡನ ಉಸಿರು. ಪರದೆಯ ಒಂದೊಂದು ಸಾಲನ್ನೂ ಅವನು ಓದುತ್ತಿದ್ದ. ಇಲ್ಲಿ ಎಡವಿದರೆ ಚೈತನ್ಯಳನ್ನು ಉಳಿಸಲು ಬೇರೆ ದಾರಿಯಿರಲಿಲ್ಲ.

ಸಂಪರ್ಕವಾಯಿತು.

"ಎಲ್ಲಾ ಹೆಸರೂ ತೋರಿಸು."

"ಬೇಡ ರೀ!" ಅವಳು ಕುರ್ಚಿಯಿಂದ ಜಾರಿ ಅವನ ಕಾಲು ಹಿಡಿದುಕೊಂಡಳು. "ಬೇರೆ ಹೆಂಗಸರನ್ನ ನೋಡ್ಬೇಡಿ. ನಿಮ್ಮ ತಂಗೀದೊಂದೇ ತೆಗೀತೀನಿ. ಅಷ್ಟಕ್ಕೇ ಬಿಟ್ಟುಬಿಡಿ."

"ಊರ ಹೆಂಗಸರೆಲ್ಲ ನಮಗ್ಯಾಕೋ," ಎಂದು ಆವಲಪ್ಪ ಬಾಗಿಲಿನಿಂದಲೇ ಗದರಿದರು. "ನಮ್ಮವಳದ್ದು ನೋಡು. ಹೊತ್ತಾಗ್ತಿದೆ."

ಅವಳು ಎದ್ದು ಕೂತು ಹೆಸರು ಬರೆದು ಹುಡುಕಿದಳು. ಒಂದೇ ಸಾಲು ಬಂತು. ಚೈತನ್ಯ. ಮುರುಗಮಲ್ಲ, ದರ್ಗಾದ ಹಿಂದಿನ ಬೀದಿ, ಹಸಿರು ಗೇಟು, ಮೇಲಿನ ಮನೆ.

ಮೋಹನ್‌ಬಾಬು ಅದನ್ನು ಫೋಟೊ ತೆಗೆದುಕೊಂಡ. ಅವಳ ಫೋನನ್ನು ಮೇಜಿನ ಮೇಲೆ ಎಸೆದು ತನ್ನದನ್ನು ಕಿವಿಗಿಟ್ಟ. "ಕೆಂಪರಾಜು, ಎಲ್ಲಾರ್ನೂ ಕರ್ಕೊಂಡು ಬಾ. ಬಸ್ ಸ್ಟ್ಯಾಂಡಲ್ಲಿರೋರು, ರಸ್ತೇಲಿರೋರು, ಎಲ್ಲಾ. ಓಡಿಹೋಗೋಕೆ ಸಂದಿ ಬಿಡಬಾರದು. ಚಿಂತಾಮಣಿ ದಾಟಿ ಮುರುಗಮಲ್ಲಕ್ಕೆ ಹೋಗಣ."

"ಅವಳನ್ನ ಏನೂ ಮಾಡ್ಬೇಡಿ ಮಾವ," ಎಂದು ಶೋಭಾರಾಣಿ ಕೂಗಿದಳು. ಯಾರೂ ತಿರುಗಿ ನೋಡಲಿಲ್ಲ. ಜೀಪು ಹೊರಟಿತು, ಹಿಂದೆಯೇ ಬೈಕುಗಳು. ಸದ್ದು ಪೂರ್ತಿ ಅಡಗುವವರೆಗೂ ಅವಳು ಮೇಜಿನ ಅಂಚು ಹಿಡಿದು ಕೂತೇ ಇದ್ದಳು. ಆಮೇಲೆ ಹೊರಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದಳು.

ಅಮ್ಮಾಜಮ್ಮ ಅವಳ ಹಿಂದೆಯೇ ಮುಂಬಾಗಿಲ ಚಿಲಕ ಹಾಕಿದರು.

"ಎಲ್ಲಾ ಹೋದ್ರೇನೇ?"

"ಎಲ್ಲಾ ಹೋದ್ರು ಅತ್ತೆ. ರಸ್ತೇಲಿ ಯಾರೂ ಇಲ್ಲ."

ಅಮ್ಮಾಜಮ್ಮ ಹಿತ್ತಿಲಿನಲ್ಲಿ ರೇಷ್ಮೆ ಸಾಕುವ ಹುಳುಮನೆಗೆ ನಡೆದರು. ಹುಳು ಜ್ವರಕ್ಕೆ ಕೂತಿದೆ, ಪೊರೆ ಬಿಡೋ ಹೊತ್ತು, ಸೋಂಕು ತರಬೇಡಿ ಎಂದು ಗಂಡಸರನ್ನು ಮಂಗಳವಾರದಿಂದ ಅದರ ಹೊಸ್ತಿಲಿಗೂ ಬಿಟ್ಟಿರಲಿಲ್ಲ. ಗೋಡೆಗೆ ಒರಗಿಸಿದ ಬಿದಿರು ತಟ್ಟೆಗಳನ್ನು ಸರಿಸಿ ಅವರು ಕೈ ಚಾಚಿದರು.

"ಬಾರಮ್ಮ, ಚೈತನ್ಯ."

ಬಸ್ ಸ್ಟ್ಯಾಂಡಿನಲ್ಲಿ ಕೆಂಪರಾಜುವನ್ನು ಕಂಡು ಮಂಗಳವಾರ ರಾತ್ರಿಯೇ ಹಿತ್ತಿಲ ದಾರಿಯಿಂದ ಮನೆಗೆ ವಾಪಸಾಗಿದ್ದ ಹುಡುಗಿ, ಬೆಳಕಿಗೆ ಕಣ್ಣು ಕಿರಿದು ಮಾಡುತ್ತ ಎದ್ದು ನಿಂತಳು. ಶೋಭಾರಾಣಿ ಟ್ರಸ್ಟಿನ ಕಾರಿಗೆ ಫೋನು ಮಾಡಿದಳು.

"ನೀನೂ ಹೊರಡೇ," ಎಂದರು ಅಮ್ಮಾಜಮ್ಮ. "ವಾಪಸ್ ಬಂದ್ರೆ ನಿನ್ನನ್ನ ಬಿಡಲ್ಲ."

"ಮತ್ತೆ ನೀವು?"

"ಹೆತ್ತವಳನ್ನ ಏನು ಮಾಡ್ತಾನೆ, ಮಾಡ್ಲಿ. ಹೋಗಿ, ನಡೀರಿ."

ಟ್ರಸ್ಟಿನ ಡೇಟಾಬೇಸನ್ನು ಶೋಭಾರಾಣಿ ಅವತ್ತು ಮುಟ್ಟಿಯೇ ಇರಲಿಲ್ಲ. ಆ ಬೀಗಗಳೆಲ್ಲದರ ಹಿಂದೆ ಇದ್ದದ್ದು ಅವಳು ಹಿಂದಿನ ದಿನವಷ್ಟೇ ಕಟ್ಟಿದ ಇನ್ನೊಂದು ಡೇಟಾಬೇಸು, ಅದರೊಳಗೆ ಒಂದೇ ಒಂದು ಹೆಸರು, ಮತ್ತು ಮುರುಗಮಲ್ಲದಲ್ಲಿ ಎಲ್ಲೂ ಇಲ್ಲದ ಒಂದು ಮನೆ.